ನೀವ್ ಕೇಳಿ, ನಾವ್ ಹೇಳ್ತೀವಿ: ಒಂದೂ ಸೋಲದ ಟೀಮನ್ನ ಹೊರಗಿಟ್ಟಿದ್ಯಾಕೆ?

ಪ್ರಶ್ನೆ: ನನ್ ಮಗ ಮಿಷಿಗನ್ ಯೂನಿವರ್ಸಿಟೀಲಿ ಎಂಎಸ್ ಮಾಡ್ತಿದ್ದ, 2023ರ ಕಾಲೇಜ್ ಫುಟ್‌ಬಾಲ್ ಸೀಸನ್ ಬಗ್ಗೆ ಈಗ್ಲೂ ಫೋನಲ್ಲಿ '15-0 ಅಮ್ಮಾ, 15-0' ಅಂತ ಕೊರೀತಾನೆ. ಇದೇನು ಗೋಲ್ ಲೆಕ್ಕಾನಾ? (ಒಬ್ಬ ಓದುಗರು, ಮೈಸೂರು)

ಉತ್ತರ: ಗೋಲಲ್ಲಮ್ಮ, ಇಡೀ ಸೀಸನ್ ಲೆಕ್ಕ ಅದು. ಮೊದಲನೇ ನಂಬರ್ ಗೆದ್ದಿದ್ದು, ಎರಡನೇದು ಸೋತಿದ್ದು. ಸಮ ಆದ್ರೆ ಓವರ್‌ಟೈಮ್ ಆಡಿಸಿ ತೀರ್ಮಾನ ಮಾಡ್ತಾರೆ, ಡ್ರಾ ಅನ್ನೋ ಮಾತೇ ಇಲ್ಲ. ಇದು ನಮ್ ಕಡೆ ಕಾಲಲ್ಲಿ ಒದ್ದು ಆಡೋ ಫುಟ್‌ಬಾಲೂ ಅಲ್ಲ, ಹೆಲ್ಮೆಟ್ ಹಾಕ್ಕೊಂಡು ಚೆಂಡು ಕಂಕುಳಲ್ಲಿಟ್ಕೊಂಡು ನುಗ್ಗೋ ಆಟ. ಮಿಷಿಗನ್‌ನವ್ರು 12 ಮಾಮೂಲಿ ಮ್ಯಾಚ್ ಗೆದ್ರು, ಆಮೇಲೆ ತಮ್ಮ ಕಾನ್ಫರೆನ್ಸ್ (ಅಂದ್ರೆ ಟೀಮ್‌ಗಳ ಗುಂಪು) ಬಿಗ್ ಟೆನ್‌ನ ಫೈನಲಲ್ಲಿ ಅಯೋವಾನ 26-0 ಹೊಡೆದ್ರು, ರೋಸ್ ಬೌಲಲ್ಲಿ (ಬೌಲ್ ಅಂದ್ರೆ ಸೀಸನ್ ಕೊನೆಯ ದೊಡ್ಡ ಮ್ಯಾಚು, ಇದು ಆ ವರ್ಷ ಪ್ಲೇಆಫ್ ಸೆಮಿಫೈನಲ್) ಅಲಬಾಮಾನ ಓವರ್‌ಟೈಮಲ್ಲಿ 27-20, ಕೊನೇಗೆ ಚಾಂಪಿಯನ್‌ಶಿಪ್ ಫೈನಲಲ್ಲಿ 2024ರ ಜನವರಿ 8ಕ್ಕೆ ಹ್ಯೂಸ್ಟನ್‌ನಲ್ಲಿ ವಾಷಿಂಗ್ಟನ್‌ನ 34-13. ಅವ್ರ ಸ್ಟೇಡಿಯಂನಲ್ಲಿ ಒಂದ್ ಲಕ್ಷದ ಮೇಲೆ ಜನ ಕೂರ್ತಾರೆ, ಹುಡುಗ ಕೊರೀದೆ ಇನ್ನೇನ್ ಮಾಡ್ತಾನೆ, ಕೊರೀಲಿ ಬಿಡಿ.

ಪ್ರಶ್ನೆ: ಅದೇ ವರ್ಷ ಫ್ಲೋರಿಡಾ ಸ್ಟೇಟ್ ಕೂಡ 13-0 ಇತ್ತು, ಆದ್ರೂ ನಾಕು ಟೀಮ್‌ಗಳ ಪ್ಲೇಆಫ್‌ಗೆ ತಗೊಳ್ಳಲಿಲ್ಲ, ಒಂದೊಂದ್ ಸೋತಿದ್ದ ಟೆಕ್ಸಾಸು ಅಲಬಾಮಾ ಒಳಗೆ ಹೋದ್ವು. ಇದ್ಯಾವ ನ್ಯಾಯ ಸಾರ್? (ಓದುಗರು, ಹುಬ್ಬಳ್ಳಿ)

ಉತ್ತರ: ನ್ಯಾಯ ಅಲ್ಲ ಅಂತಾನೇ ನನ್ ಅಭಿಪ್ರಾಯ, ಆದ್ರೆ ಹೆಂಗಾಯ್ತು ಅಂತ ಹೇಳ್ತೀನಿ. ನಮ್ ಐಪಿಎಲ್ ಟೇಬಲ್ ಥರ ಇದನ್ನ ನೋಡೋಕಾಗಲ್ಲ. ಅಲ್ಲಿ ಇರೋದು ಹತ್ತು ಟೀಮು, ಪಾಯಿಂಟ್ ಸಮ ಆದ್ರೆ ರನ್‌ರೇಟು, ಮುಗೀತು. ಇಲ್ಲಿ ಮೇಲಿನ ದರ್ಜೆಯಲ್ಲೇ ಆ ವರ್ಷ 133 ಟೀಮ್ ಇದ್ವು, ಒಬ್ಬೊಬ್ಬರಿಗೂ ಸಿಗೋದು 12 ಮ್ಯಾಚು, ಹಂಗಾಗಿ ಹೆಚ್ಚಿನವ್ರು ಒಬ್ಬರ ಮುಖ ಒಬ್ರು ನೋಡೋದೇ ಇಲ್ಲ. ಅದಕ್ಕೆ 13 ಜನರ ಕಮಿಟಿ ಕೂತು ಯಾರು ಗಟ್ಟಿ ಅಂತ ನಿರ್ಧಾರ ಮಾಡುತ್ತೆ. ಫ್ಲೋರಿಡಾ ಸ್ಟೇಟ್ ಶುರುವಿನಲ್ಲೇ ಎಲ್‌ಎಸ್‌ಯುನ (ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿ) 45-24 ಹೊಡೆದಿತ್ತು, ಎಲ್ಲಾ ಚೆನ್ನಾಗೇ ಹೋಗ್ತಿತ್ತು, ನವೆಂಬರ್ ಮಧ್ಯದಲ್ಲಿ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸೋ ಮುಖ್ಯ ಆಟಗಾರ) ಜೋರ್ಡನ್ ಟ್ರಾವಿಸ್ ಕಾಲಿಗೆ ಭಾರಿ ಪೆಟ್ಟು ಬಿದ್ದು ಅವನ ಸೀಸನ್ ಮುಗೀತು. ಆಮೇಲೂ ಎರಡು ಗೆದ್ರು, ಕಾನ್ಫರೆನ್ಸ್ ಫೈನಲಲ್ಲಿ ಮೂರನೇ ನಂಬರ್ ಕ್ವಾರ್ಟರ್‌ಬ್ಯಾಕ್, ಫಸ್ಟ್ ಇಯರ್ ಹುಡುಗನ್ನ ಆಡಿಸಿ ಲೂಯಿವಿಲ್‌ನ 16-6. ಮುಖ್ಯ ಆಟಗಾರ ಇಲ್ದಿದ್ರೆ ಅದನ್ನೂ ಲೆಕ್ಕಕ್ಕೆ ತಗೋಬೋದು ಅಂತ ಕಮಿಟಿ ನಿಯಮದಲ್ಲೇ ಇದೆ, ಅದನ್ನ ಹಿಡ್ಕೊಂಡು ಐದನೇ ಜಾಗಕ್ಕೆ ತಳ್ಳಿದ್ರು. ಅಲಬಾಮಾ ಪರವಾಗಿ ಇದ್ದಿದ್ದು ಏನಂದ್ರೆ, 29 ಮ್ಯಾಚ್ ಸತತ ಗೆದ್ದಿದ್ದ ಜಾರ್ಜಿಯಾನ ತಮ್ಮ ಕಾನ್ಫರೆನ್ಸ್ ಫೈನಲಲ್ಲಿ 27-24 ಕೆಡವಿತ್ತು. ಆ ಅಲಬಾಮಾನ ಅವ್ರ ಊರಲ್ಲೇ 34-24 ಸೋಲಿಸಿದ್ದು ಟೆಕ್ಸಾಸು, ಹಂಗಾಗಿ ಅಲಬಾಮಾನ ತಗೊಂಡು ಟೆಕ್ಸಾಸ್‌ನ ಬಿಡೋ ಹಂಗಿಲ್ಲ. ಎಳೆ ಎಳೆದ ಹಂಗೆ ಸಿಕ್ಕಾಗುತ್ತೆ ನೋಡಿ.

ಆರೆಂಜ್ ಬೌಲಲ್ಲಿ ಅದೇ ಜಾರ್ಜಿಯಾ ಕೈಲಿ ಫ್ಲೋರಿಡಾ ಸ್ಟೇಟ್ 63-3 ಸೋತಾಗ 'ನೋಡಿದ್ರಾ, ಕಮಿಟಿ ಹೇಳಿದ್ದೇ ಸರಿ' ಅಂದವ್ರು ಬಹಳ. ನಾನು ಒಪ್ಪಲ್ಲ. ಪ್ಲೇಆಫ್ ಇಲ್ಲ ಅಂದ್ಮೇಲೆ ಒಳ್ಳೊಳ್ಳೆ ಹುಡುಗ್ರು ಒಬ್ರಾದ್ಮೇಲೆ ಒಬ್ರು ಆಡಲ್ಲ ಅಂತ ಎದ್ದು ಹೋಗಿದ್ರು, ಅವತ್ತು ಮೈದಾನದಲ್ಲಿ ಇದ್ದಿದ್ದು ಆ 13-0 ಟೀಮೇ ಅಲ್ಲ. ಮುಂದಿನ ವರ್ಷ 2-10ಕ್ಕೆ ಇಳಿದ್ರು ಅನ್ನೋದು ಬೇರೆ ಕಥೆ.

ಪ್ರಶ್ನೆ: ಲಿಬರ್ಟಿ ಅನ್ನೋ ಟೀಮೂ 13-0 ಅಂತೆ, ಅದನ್ನ ಯಾರೂ ಕೇಳ್ಲೇ ಇಲ್ವಲ್ಲ? (ಓದುಗರು, ತುಮಕೂರು)

ಉತ್ತರ: ಕಮಿಟಿ ಪಟ್ಟೀಲಿ 23ನೇ ಜಾಗ ಕೊಟ್ಟಿದ್ರು, ಆಡಿದ್ದೆಲ್ಲಾ ಸಣ್ಣ ಟೀಮ್‌ಗಳ ಮೇಲೆ ಅಂತ. ಫಿಯೆಸ್ಟಾ ಬೌಲಲ್ಲಿ ಓರೆಗಾನ್ 45-6 ಹೊಡೀತು. ಇವ್ರ ವಿಷಯದಲ್ಲಿ ಕಮಿಟಿ ಲೆಕ್ಕ ಸರೀನೇ ಇತ್ತು.

ಪ್ರಶ್ನೆ: ಕೊಲರಾಡೋ ಬಗ್ಗೆ ಆ ಪಾಟಿ ಗಲಾಟೆ ಯಾಕಿತ್ತು? (ಓದುಗರು, ಡಲ್ಲಾಸ್)

ಉತ್ತರ: ಹಿಂದಿನ ವರ್ಷ 1-11 ಇದ್ದ ಟೀಮಿಗೆ ಈ ಆಟದ ಹಳೇ ಸ್ಟಾರ್ ಡಿಯಾನ್ ಸ್ಯಾಂಡರ್ಸ್ ಕೋಚ್ ಆಗಿ ಬಂದ್ರು, ಮೊದಲ ಮ್ಯಾಚಲ್ಲೇ ಹಿಂದಿನ ಸೀಸನ್ ರನ್ನರ್-ಅಪ್ ಟಿಸಿಯುನ (ಟೆಕ್ಸಾಸ್ ಕ್ರಿಶ್ಚಿಯನ್ ಯೂನಿವರ್ಸಿಟಿ) 45-42 ಗೆದ್ರು, 3-0 ಆಗೋ ಹೊತ್ತಿಗೆ ಟಿವಿಯವ್ರೆಲ್ಲಾ ಅಲ್ಲೇ ಠಿಕಾಣಿ. ಮುಗಿದಿದ್ದು 4-8. ಟಿಸಿಯು ಕೂಡ 5-7, ಅಂದ್ರೆ ಆ ಮೊದಲ ಗೆಲುವು ಅವತ್ತು ಕಂಡಷ್ಟು ದೊಡ್ಡದಿರ್ಲಿಲ್ಲ. ಅದಕ್ಕೇ ಸೆಪ್ಟೆಂಬರ್ ರೆಕಾರ್ಡ್ ನಂಬ್ಕೊಂಡು ಬೆಟ್ ಕಟ್ಟಬೇಡಿ.

ಪ್ರಶ್ನೆ: ಈಗ ಒಂದೂ ಸೋಲದೆ ಬಂದ್ರೆ ಪ್ಲೇಆಫ್ ಗ್ಯಾರಂಟೀನಾ? (ಓದುಗರು, ಶಿವಮೊಗ್ಗ)

ಉತ್ತರ: ದೊಡ್ಡ ಕಾನ್ಫರೆನ್ಸ್ ಆದ್ರೆ ಚಿಂತೆ ಇಲ್ಲ, 2024ರಿಂದ 12 ಟೀಮ್ ತಗೋತಾರೆ. ಆದ್ರೆ ಒಳಗೆ ಹೋದ್ಮೇಲಿನ ಕಷ್ಟ ಬೇರೆ. ಆ ವರ್ಷ ಓರೆಗಾನ್ 13-0 ಅಂತ ನಂಬರ್ ಒನ್ ಆಗಿ ಹೋಯ್ತು, ಮೊದಲ ಮ್ಯಾಚಲ್ಲೇ ಒಹಾಯೋ ಸ್ಟೇಟ್ ಕೈಲಿ 41-21 ಸೋತು ಮನೆಗೆ. ಎರಡು ಮ್ಯಾಚ್ ಸೋತಿದ್ದ ಒಹಾಯೋ ಸ್ಟೇಟೇ 14-2 ಇಟ್ಕೊಂಡು ಚಾಂಪಿಯನ್ ಆಯ್ತು, ಆ ಎರಡರಲ್ಲಿ ಒಂದು ಇದೇ ಓರೆಗಾನ್ ಮೇಲೆ ಅಕ್ಟೋಬರಲ್ಲಿ 32-31ಕ್ಕೆ ಸೋತಿದ್ದು.