‘ಹೇಗಿದೆ?’ ಎಂದು ಕೇಳುವ ಮೊದಲು

ಪ್ರಶ್ನೆ: ಫೇಸ್‌ಬುಕ್‌ನಲ್ಲಿ ಪರಿಚಯವಾದ ಹಿರಿಯ ಲೇಖಕರೊಬ್ಬರಿಗೆ ನನ್ನ 5 ಕಥೆಗಳನ್ನು ಕಳಿಸಿ, ‘ಓದಿ ಅಭಿಪ್ರಾಯ ತಿಳಿಸಿ ಸರ್’ ಎಂದು ಕೇಳಿದ್ದೆ. ತಿಂಗಳಾದರೂ ಉತ್ತರವಿಲ್ಲ. ವಾಟ್ಸ್ಆ್ಯಪ್ ಬಳಗದಲ್ಲಿ ಹಾಕಿದರೆ ‘ಚೆನ್ನಾಗಿದೆ’ ಬಿಟ್ಟು ಬೇರೆ ಮಾತಿಲ್ಲ. ಏನು ಮಾಡಲಿ?
– ಓದುಗರು, ಹಾವೇರಿ

ಉತ್ತರ: 2,000 ಪದಗಳ ಕಥೆ ಓದಲು ಕಾಲು ಗಂಟೆ ಸಾಕು. ಎಲ್ಲಿ ಸಡಿಲವಾಗಿದೆ, ಏಕೆ ಎಂದು ಬರೆದು ತಿಳಿಸಬೇಕಾದರೆ ಮತ್ತೊಮ್ಮೆ ಓದಿ ಗುರುತು ಹಾಕಬೇಕು. ಒಂದು ಗಂಟೆ ಹಿಡಿಯುತ್ತದೆ. 5 ಕಥೆ ಎಂದರೆ ಅವರ ಇಡೀ ಭಾನುವಾರ. ಆ ಮೌನವನ್ನು ಕಥೆಯ ಮೇಲಿನ ತೀರ್ಪೆಂದು ತಿಳಿಯಬೇಡಿ.

ಮೊದಲು ಕಥೆ ಲಗತ್ತಿಸದೆ ಒಂದು ಸಂದೇಶ ಕಳಿಸಿ. ಕಥೆಯ ವಸ್ತು ಒಂದು ಸಾಲಿನಲ್ಲಿ, ಎಷ್ಟು ಪದ, ಗಡುವೇನಾದರೂ ಇದೆಯೇ ಎಂಬುದಷ್ಟೇ ಇರಲಿ, ‘ಬಿಡುವಿದ್ದರೆ ಕಳಿಸಲೇ? ಆಗದಿದ್ದರೆ ಬೇಸರವಿಲ್ಲ’ ಎಂದು ಸೇರಿಸಿ. ಒಪ್ಪಿದರೆ ಒಂದೇ ಕಥೆ ಕಳಿಸಿ.

ಕಡತ ತೆರೆಯದೇ ಉಳಿದುಬಿಡುವುದೂ ಉಂಟು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಫೋನಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಎಲ್ಲ ಫೋನ್‌ಗಳಲ್ಲೂ ಓದಲು ಬರುವ ಯುನಿಕೋಡ್‌ ಲಿಪಿ ಸಂಕೇತಕ್ಕೆ ಬದಲಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಾರೆ ನೋಡಿ. ಪರಿವರ್ತನೆಯಲ್ಲಿ ಹೆಚ್ಚಾಗಿ ಕೆಡುವುದು ಅವೇ. ಗೂಗಲ್ ಡಾಕ್ಸ್ ಕೊಂಡಿಯಾದರೆ ಅನುಮತಿ ‘ಕಾಮೆಂಟರ್’ ಇರಲಿ. ‘ವ್ಯೂವರ್’ ಎಂದಿದ್ದರೆ ಟಿಪ್ಪಣಿ ಬರೆಯಲಾಗದು, ‘ಎಡಿಟರ್’ ಎಂದಿದ್ದರೆ ನಿಮ್ಮ ಮೂಲವೇ ಅಳಿಸಿಹೋಗಬಹುದು. ಅಲ್ಪಪ್ರಾಣ–ಮಹಾಪ್ರಾಣದ ತಪ್ಪುಗಳನ್ನು ನೀವೇ ತಿದ್ದಿಕೊಂಡು ಕಳಿಸಿ. ಇಲ್ಲವಾದರೆ ಓದುವವರ ಗಮನವೆಲ್ಲ ಕಾಗುಣಿತದಲ್ಲೇ ಮುಗಿದು, ಕಥೆಯ ಬಗ್ಗೆ ಹೇಳಲು ಏನೂ ಉಳಿಯುವುದಿಲ್ಲ.

ಇನ್ನು ‘ಚೆನ್ನಾಗಿದೆ’ ವಿಷಯ. ಎಲ್ಲರೂ ನೋಡುವ ಬಳಗದಲ್ಲಿ ಯಾರೂ ಕುಂದು ಎತ್ತಿ ಆಡಲು ಮುಂದಾಗುವುದಿಲ್ಲ, ‘ಹೇಗಿದೆ?’ ಎಂದು ಕೇಳಿದರಂತೂ ಇಲ್ಲವೇ ಇಲ್ಲ. ಬಳಗದ ಇಬ್ಬರನ್ನು ಬೇರೆಯಾಗಿ ಕೇಳಿ, ಬದಲಿಗೆ ಅವರ ಕಥೆಯನ್ನೂ ಅಷ್ಟೇ ಶ್ರದ್ಧೆಯಿಂದ ಓದಿಕೊಡಿ. ಜೊತೆಗೆ ಎರಡು–ಮೂರು ಖಚಿತ ಪ್ರಶ್ನೆಗಳಿರಲಿ, ಉದಾಹರಣೆಗೆ: ಅತ್ತೆಯ ಸಿಟ್ಟಿಗೆ ಕಾರಣ ತಿಳಿಯಿತೇ? ಯಾವ ಪ್ಯಾರಾದಲ್ಲಿ ಬೇಸರ ಬಂತು? ನಮ್ಮೂರ ಕಡೆಯ ಆಡುಮಾತು ಎಲ್ಲಾದರೂ ಕೃತಕವೆನಿಸಿತೇ?

ಮೂರು ವಾರ ಕಾಯಿರಿ, ಒಮ್ಮೆ ನೆನಪಿಸಿ, ಅಲ್ಲಿಗೆ ಬಿಡಿ. ಟೀಕೆ ಬಂದರೆ ವಾದಕ್ಕಿಳಿಯಬೇಡಿ. ‘ಅದು ಹಾಗಲ್ಲ ಸರ್’ ಎಂದು ನೀವು ವಿವರಿಸಹೊರಡುವ ಸಂಗತಿ ಬಹುಮಟ್ಟಿಗೆ ಕಥೆಯೊಳಗೆ ಬಂದಿರುವುದೇ ಇಲ್ಲ. ಎಲ್ಲ ಸಲಹೆಗಳನ್ನೂ ಪಾಲಿಸಬೇಕಿಲ್ಲ. ಆದರೆ ಇಬ್ಬರು ಒಂದೇ ಜಾಗದಲ್ಲಿ ಎಡವಿದ್ದರೆ, ಅವರು ಸೂಚಿಸುವ ಪರಿಹಾರ ಬೇರೆ ಬೇರೆಯಾದರೂ, ಆ ಜಾಗವನ್ನು ಮತ್ತೆ ಬರೆಯಿರಿ. ಮಾರನೇ ದಿನವೇ ತಿದ್ದಿದ ಪ್ರತಿ ಕಳಿಸುವುದು, ಅವರ ಖಾಸಗಿ ಮಾತಿನ ಸ್ಕ್ರೀನ್‌ಶಾಟ್ ಹಂಚುವುದು, ಅದೇ ಉಸಿರಿನಲ್ಲಿ ಮುನ್ನುಡಿ ಕೇಳುವುದು ಖಂಡಿತ ಬೇಡ.

ಪ್ರಶ್ನೆ: ಅಭಿಪ್ರಾಯಕ್ಕೆಂದು ಜಾಲತಾಣದಲ್ಲಿ ಹಾಕಿದ ಕಥೆಯನ್ನು ಸ್ಪರ್ಧೆಗೆ ಕಳಿಸಬಹುದೇ? ಯಾರಾದರೂ ಕದ್ದರೆ?
– ಓದುಗರು, ಪುತ್ತೂರು

ಉತ್ತರ: ಅನೇಕ ಕಥಾಸ್ಪರ್ಧೆಗಳು ಫೇಸ್‌ಬುಕ್, ಬ್ಲಾಗ್‌ಗಳಲ್ಲಿ ಬಂದದ್ದನ್ನೂ ಪ್ರಕಟಿತವೆಂದೇ ಎಣಿಸುತ್ತವೆ, ನಿಯಮ ಓದಿಕೊಳ್ಳಿ. ಸ್ಪರ್ಧೆಯ ಆಸೆಯಿದ್ದರೆ ಪೂರ್ತಿ ಕಥೆಯನ್ನು ಇಮೇಲಿನಲ್ಲಿ ಮಾತ್ರ ಹಂಚಿ. ಕಳಿಸಿದ ದಿನಾಂಕಕ್ಕೆ ಅದು ದಾಖಲೆಯೂ ಆಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನಿಮ್ಮ ಸ್ವಂತ ಬರಹದ ಹಕ್ಕು ಬರೆದಾಗಲೇ ನಿಮ್ಮದಾಗುತ್ತದೆ, ನೋಂದಣಿ ಕಡ್ಡಾಯವಲ್ಲ.