ಫೋಟೋ ತೆಗೆಯುವುದಕ್ಕಷ್ಟೇ ಬೆಟ್ಟಕ್ಕೆ ಹೋಗಬೇಕೆ?

ಬೆಂಗಳೂರಿನ ಓದುಗರೊಬ್ಬರ ದೀರ್ಘ ಪತ್ರದ ಸಾರ ಇದು. ಹೆಸರು ಬೇಡವೆಂದಿದ್ದಾರೆ.

“ನನಗೀಗ ಅರವತ್ನಾಲ್ಕು. ಕಾರ್ಖಾನೆಯ ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಂಡೆ ಹತ್ತಲು ಹಿಡಿದ ಹಗ್ಗವನ್ನು ನಿವೃತ್ತನಾದ ಮೇಲೂ ಬಿಟ್ಟಿಲ್ಲ. ರಾಮನಗರ, ಸಾವನದುರ್ಗ, ತುರಹಳ್ಳಿ, ಬಾದಾಮಿಯ ಬಂಡೆಗಳೆಲ್ಲ ಕೈಗೆ ಗೊತ್ತು. ಕಳೆದ ಚಳಿಗಾಲ ರಾಮನಗರದಲ್ಲಿ, ಒಂದು ಕಾಲಕ್ಕೆ ನಾನೇ ಮುಂದೆ ಹತ್ತಿ ಲೀಡ್ ಮಾಡುತ್ತಿದ್ದ ದಾರಿಯಲ್ಲಿ ಅರ್ಧಕ್ಕೇ ಹಗ್ಗಕ್ಕೆ ಜೋತುಬಿದ್ದೆ. ಕೆಳಗಿಳಿದ ಮೇಲೆ ಹುಡುಗನೊಬ್ಬ, ‘ಸರ್, ನೀವು ಆರಾಮಾಗಿ ಕೂತ್ಕೊಳ್ಳಿ, ನಮ್ಮ ಫೋಟೋ ತೆಗೀರಿ’ ಅಂದ. ಗೌರವದಿಂದಲೇ ಅಂದದ್ದು. ಮನೆಯಲ್ಲಿ ಮಗಳದ್ದೂ ‘ಸಾಕು ಬಿಡಪ್ಪ’ ಎಂಬ ಮಾತೇ. ಸಾಮಾನೆಲ್ಲ ಮಾರಿ ಸುಮ್ಮನಾಗಲೇ? ಇನ್ನು ನನ್ನಿಂದ ಬಂಡೆಗಾಗಲಿ ಬಂಡೆಗೆ ಬರುವವರಿಗಾಗಲಿ ಏನು ಉಪಯೋಗ?”

ಮಾನ್ಯರೆ,

ನೀವು ಎರಡು ಸಂಕಟಗಳನ್ನು ಒಂದೇ ಉಸಿರಿನಲ್ಲಿ ತೋಡಿಕೊಂಡಿದ್ದೀರಿ. ಮೈ ಮೊದಲಿನಂತಿಲ್ಲ ಎಂಬುದು ಒಂದು. ಹಗ್ಗದ ಮೇಲೆ ನನಗೊಂದು ಜಾಗವಿತ್ತು, ಅದು ಹೋಯಿತು ಎಂಬುದು ಇನ್ನೊಂದು. ನಿಮ್ಮನ್ನು ಕೊರೆಯುತ್ತಿರುವುದು ಎರಡನೆಯದೇ ಇರಬೇಕು. ಇಲ್ಲದಿದ್ದರೆ ಜೋತುಬಿದ್ದದ್ದನ್ನು ಒಂದು ಸಾಲಿನಲ್ಲಿ ಮುಗಿಸಿ, ಫೋಟೋದ ಮಾತಿಗೆ ಒಂದಿಡೀ ಪುಟ ಕೊಡುತ್ತಿರಲಿಲ್ಲ.

ವಯಸ್ಸಾದ ಪರ್ವತಾರೋಹಿಗಳ ವಿಷಯ ಬಂದರೆ ಪತ್ರಿಕೆಗಳು ತಕ್ಷಣ ದಾಖಲೆಗಳ ಕಥೆಗೆ ಕೈಹಾಕುತ್ತವೆ. ಜಪಾನಿನ ಯುಯಿಚಿರೊ ಮಿಯುರಾ ಮತ್ತು ನೇಪಾಳದ ಮಿನ್ ಬಹಾದ್ದೂರ್ ಶೇರ್ಚನ್ ಅವರ ಪೈಪೋಟಿ ನಿಮಗೂ ಗೊತ್ತಿರುತ್ತದೆ. 2008ರ ಮೇ ತಿಂಗಳಲ್ಲಿ 76ರ ಶೇರ್ಚನ್ ಎವರೆಸ್ಟ್ ಏರಿದ ಮರುದಿನವೇ 75ರ ಮಿಯುರಾ ಅಲ್ಲಿದ್ದರು. 2013ರಲ್ಲಿ 80ರ ಮಿಯುರಾ ಮತ್ತೆ ಏರಿ ದಾಖಲೆ ಕಿತ್ತುಕೊಂಡರು. ಅದನ್ನು ವಾಪಸು ಪಡೆಯಲೆಂದು ಹೋದ ಶೇರ್ಚನ್ 2017ರಲ್ಲಿ, 85ನೆಯ ವಯಸ್ಸಿನಲ್ಲಿ ಬೇಸ್ ಕ್ಯಾಂಪಿನಲ್ಲೇ ತೀರಿಕೊಂಡರು. ಇವರ ಛಲಕ್ಕೆ ಕೈಮುಗಿಯೋಣ, ಆದರೆ ಇದನ್ನು ಗುರಿ ಎಂದು ಯಾರಿಗೂ ಹೇಳಲಾರೆ. ನನಗೆ ಇಷ್ಟವಾಗುವುದು 2019ರ ಮಿಯುರಾ. 86ರಲ್ಲಿ ದಕ್ಷಿಣ ಅಮೆರಿಕದ ಅಕೊಂಕಾಗುವಾ ಏರಲು ಹೋಗಿದ್ದಾಗ, ತಂಡದ ವೈದ್ಯರು ಹೃದಯದ ಕಾರಣಕ್ಕೆ ಬೇಡವೆಂದರು. ಮನುಷ್ಯ ಕೇಳಿ ಇಳಿದರು. ಅಷ್ಟೆಲ್ಲ ಏರಿದವರಿಗೆ ಆ ಇಳಿಯುವುದು ಎಷ್ಟು ಕಷ್ಟವಾಗಿರಬೇಕು!

ಇಟಲಿಯ ರಿಕಾರ್ಡೊ ಕಸೀನ್ 1937ರಲ್ಲಿ ಆಲ್ಪ್ಸ್ ಸಾಲಿನ ಪಿಟ್ಸ್ ಬದೀಲೆ ಶಿಖರದ ಈಶಾನ್ಯ ಗೋಡೆಯನ್ನು ಮೊದಲ ಬಾರಿಗೆ ಏರಿದವರು. ಐವತ್ತು ವರ್ಷದ ನಂತರ, 78ರಲ್ಲಿ, ಅದೇ ಗೋಡೆಯನ್ನು ಮತ್ತೆ ಏರಿದರು. ಇದನ್ನೋದಿ ‘ನೋಡಿ, ಆಗುತ್ತದೆ’ ಎಂದು ನೀವು ಹುರುಪಾಗಬಹುದು, ‘ಅವರಿಗಾಯಿತು, ನನಗಾಗಲಿಲ್ಲ’ ಎಂದು ಕುಗ್ಗಲೂಬಹುದು. ಎರಡೂ ಬೇಡ. ನೂರು ವರ್ಷ ಬದುಕಿದ ಅಂಥವರ ಮೈಕಟ್ಟು ನಮ್ಮ ನಿಮ್ಮ ಅಳತೆಗೋಲಾಗಬಾರದು.

ನಿಮ್ಮ ಪ್ರಶ್ನೆಗೆ ನಿಜವಾಗಿ ಹತ್ತಿರದವರು ಜಪಾನಿನ ಜುಂಕೊ ತಬೆಯ್. 1975ರಲ್ಲಿ ಎವರೆಸ್ಟ್ ಏರಿದ ಮೊದಲ ಮಹಿಳೆ ಎಂದು ಎಲ್ಲರಿಗೂ ಗೊತ್ತು. ಆಮೇಲಿನದು ಅಷ್ಟಾಗಿ ಯಾರೂ ಹೇಳುವುದಿಲ್ಲ. ಅರವತ್ತರ ಹೊಸ್ತಿಲಲ್ಲಿ ಅವರು ಮತ್ತೆ ವಿಶ್ವವಿದ್ಯಾಲಯಕ್ಕೆ ಸೇರಿ, ಆರೋಹಿಗಳು ಎವರೆಸ್ಟಿನಲ್ಲಿ ಬಿಟ್ಟುಬರುವ ಕಸದಿಂದ ಆಗುವ ಹಾನಿಯನ್ನು ಅಧ್ಯಯನ ಮಾಡಿದರು. 2011ರ ಭೂಕಂಪ ಮತ್ತು ಸುನಾಮಿಯಲ್ಲಿ ಅವರ ಹುಟ್ಟೂರಿರುವ ಫುಕುಶಿಮಾ ಪ್ರಾಂತ ನಲುಗಿತು. ಮರುವರ್ಷದಿಂದ ಆ ಸೀಮೆಯ ಹೈಸ್ಕೂಲ್ ಮಕ್ಕಳನ್ನು ಫ್ಯೂಜಿ ಪರ್ವತಕ್ಕೆ ಕರೆದೊಯ್ಯತೊಡಗಿದರು. ಅದೇ 2012ರಲ್ಲಿ ಅವರಿಗೆ ಕ್ಯಾನ್ಸರ್ ಇರುವುದು ಗೊತ್ತಾಯಿತು. ಚಿಕಿತ್ಸೆಯ ನಡುವೆಯೂ ಪ್ರತಿ ಬೇಸಿಗೆ ಮಕ್ಕಳ ಜೊತೆ ಹೊರಟರು. 2016ರ ಜುಲೈಯಲ್ಲಿ ತುದಿಯವರೆಗೆ ಹೋಗಲಾಗಲಿಲ್ಲ. ಆದಷ್ಟು ದೂರ ಏರಿ, ಮಕ್ಕಳನ್ನು ಮುಂದಕ್ಕೆ ಕಳಿಸಿಕೊಟ್ಟರು. ಆ ಅಕ್ಟೋಬರಿನಲ್ಲಿ, 77ರಲ್ಲಿ ತೀರಿಕೊಂಡರು. ಏಳೂ ಖಂಡಗಳ ತುದಿ ಮುಟ್ಟಿದವರಿಗೆ ಫ್ಯೂಜಿ ಏನು ಮಹಾ ಎನ್ನುವ ಹಾಗಿಲ್ಲ. ಆ ಬೆಟ್ಟ ಆ ಮಕ್ಕಳಿಗೆ ಬೇಕಾಗಿತ್ತು.

ನಮ್ಮವರನ್ನೇ ನೋಡುವುದಾದರೆ, ಬಚೇಂದ್ರಿ ಪಾಲ್ 2022ರಲ್ಲಿ ಐವತ್ತು ದಾಟಿದ ಮಹಿಳೆಯರ ತಂಡ ಕಟ್ಟಿ ಅರುಣಾಚಲದಿಂದ ಲಡಾಖಿನ ಕಡೆಗೆ ಕಣಿವೆ ಕಣಿವೆ ದಾಟಿಸಿದರು. ಹೊರಗಿನವರಲ್ಲಿ, ಎವರೆಸ್ಟನ್ನು ಮೊದಲು ಏರಿದವರಲ್ಲೊಬ್ಬರಾದ ಎಡ್ಮಂಡ್ ಹಿಲರಿಗೆ ನಡುವಯಸ್ಸು ದಾಟಿದ ಮೇಲೆ ಎತ್ತರವೇ ಮೈಗೆ ಒಗ್ಗದಂತಾಯಿತು, ಆದರೆ 1961ರಲ್ಲಿ ನೇಪಾಳದ ಖುಮ್ಜುಂಗ್‌ನಲ್ಲಿ ಅವರು ಶುರುಮಾಡಿದ ಶಾಲೆಯ ಕೆಲಸ ಕೊನೆಯವರೆಗೂ ನಿಲ್ಲಲಿಲ್ಲ.

ಇಷ್ಟು ಹೇಳಿದ್ದಕ್ಕೆ, ‘ಸರಿ, ಇನ್ನು ಹತ್ತುವುದು ಬಿಟ್ಟು ಹುಡುಗರಿಗೆ ಪಾಠ ಹೇಳು ಅನ್ನುತ್ತಿದ್ದೀರಿ’ ಎಂದುಕೊಳ್ಳಬೇಡಿ. ಹಿರಿಯರು ಎಂದ ತಕ್ಷಣ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ವೇದಿಕೆಯ ಮೇಲೆ ಕೂರಿಸಿಬಿಡುವುದು ನಮ್ಮ ರೂಢಿ. ಅಲ್ಲಿ ಕೂತವರು ಮತ್ತೆ ಎದ್ದದ್ದು ಕಡಿಮೆ. ಹತ್ತುವುದನ್ನು ಪೂರ್ತಿ ನಿಲ್ಲಿಸಿದವರ ಮಾತು ಎರಡೇ ವರ್ಷದಲ್ಲಿ ‘ನಮ್ಮ ಕಾಲದಲ್ಲಿ’ ಎಂದು ಶುರುವಾಗುತ್ತದೆ, ಹುಡುಗರು ಫೋನು ತೆಗೆಯುತ್ತಾರೆ. ಶೂ ಹಾಕಿಕೊಂಡವರ ಮಾತನ್ನು ಮಾತ್ರ ಬಂಡೆಯ ಬುಡದಲ್ಲಿ ಯಾರಾದರೂ ಕೇಳಿಯಾರು.

ಹಾಗಾಗಿ ಹತ್ತಿ. ಹೇಗೆ ಎಂಬುದನ್ನಷ್ಟೇ ಬದಲಿಸಬೇಕು. ನಿಮ್ಮ ಅದೃಷ್ಟ, ರಾಮನಗರ ಮತ್ತು ಸಾವನದುರ್ಗದಲ್ಲಿರುವುದು ಗ್ರಾನೈಟು. ಅಲ್ಲಿನ ಇಳಿಜಾರು ಸ್ಲ್ಯಾಬ್‌ಗಳಲ್ಲಿ ತೋಳಿನ ಕಸುವಿಗಿಂತ ಪಾದದ ನಂಬಿಕೆ ಹೆಚ್ಚು ಕೆಲಸ ಮಾಡುತ್ತದೆ. ಹಿಮ್ಮಡಿ ಇಳಿಸಿ, ರಬ್ಬರನ್ನು ಕಲ್ಲಿಗೆ ಪೂರಾ ಒತ್ತಿ, ಮೈಭಾರವನ್ನು ಕಾಲಿನ ಮೇಲೆ ನಿಲ್ಲಿಸುವುದು ಇಪ್ಪತ್ತರ ಹುಡುಗನಿಗೆ ಹೆದರಿಕೆಯ ಕೆಲಸ, ನಿಮಗೆ ಅಭ್ಯಾಸವಾಗಿಹೋದದ್ದು. ಬಾದಾಮಿಯ ಮರಳುಗಲ್ಲಿನ ಚಾಚು ಗೋಡೆಗಳಲ್ಲಿ ಬೆರಳಿನ ತುದಿಯಲ್ಲಿ ಜೋತಾಡುವ ದಾರಿಗಳನ್ನು ಈಗ ಹುಡುಗರಿಗೆ ಬಿಟ್ಟರೆ ನಷ್ಟವೇನಿಲ್ಲ. ಸ್ನಾಯುವಿಗೆ ಬಲ ಬಂದಷ್ಟು ಬೇಗ, ಅದನ್ನು ಮೂಳೆಗೆ ಕಟ್ಟಿರುವ ಟೆಂಡನ್‌ಗೆ ಬರುವುದಿಲ್ಲ. ವಯಸ್ಸಾದಂತೆ ಟೆಂಡನ್ ಮಾಯುವುದೂ ನಿಧಾನ. ಬೆರಳಿನ ಬುಡದಲ್ಲಿ ಒಮ್ಮೆ ‘ಟಕ್’ ಎಂದರೆ ಆ ಋತು ಅಲ್ಲಿಗೆ ಮುಗಿದಂತೆ.

ವಾರಕ್ಕೆ ಎರಡು ದಿನವಾದರೂ ಭಾರ ಎತ್ತುವ ವ್ಯಾಯಾಮ ಮಾಡಿ, ವಾಕಿಂಗ್ ಒಂದೇ ಸಾಲದು. ಮೂವತ್ತರ ನಂತರ ಮೆಲ್ಲಗೆ ಶುರುವಾಗುವ ಸ್ನಾಯುವಿನ ಸವೆತ ಅರವತ್ತರ ನಂತರ ಜೋರಾಗುತ್ತದೆ. ಆದರೆ ತೊಂಬತ್ತರ ಆಸುಪಾಸಿನವರೂ ಸರಿಯಾದ ಅಭ್ಯಾಸದಿಂದ ಕಾಲಿನ ಬಲ ಮರಳಿ ಗಳಿಸಿದ್ದು ವೈದ್ಯಕೀಯ ಅಧ್ಯಯನಗಳಲ್ಲಿ ದಾಖಲಾಗಿದೆ. ಊಟದಲ್ಲಿ ಕಾಳು, ಹುರುಳಿ ಸಾರು, ಮೊಟ್ಟೆ ಕಡಿಮೆಯಾಗದಿರಲಿ. ಒಂದು ಬೆಳಿಗ್ಗೆ ಹತ್ತಿದರೆ ಮರುದಿನ ಪೂರ್ತಿ ವಿಶ್ರಾಂತಿ. ಹಿಂದೆ ರಾತ್ರಿ ಬಸ್ಸಿನಲ್ಲಿ ಬಂದು ನೇರ ಪಾಳಿಗೆ ಹೋಗುತ್ತಿದ್ದೆವು ಎಂಬ ಜಂಬವನ್ನು ಇನ್ನು ಸುರುಳಿ ಸುತ್ತಿಡಿ.

ಇನ್ನು, ವ್ಯಾಯಾಮದ ಪುಸ್ತಕಗಳಲ್ಲಿ ಸಿಗದ ಎರಡು ಸಂಗತಿ. ನೀವು ಪ್ರೋಗ್ರೆಸಿವ್ ಕನ್ನಡಕ ಹಾಕುತ್ತೀರಾದರೆ, ಜೋತುಬಿದ್ದದ್ದಕ್ಕೆ ತೋಳನ್ನು ಬೈಯುವ ಮೊದಲು ಅದನ್ನು ವಿಚಾರಿಸಿ. ಆ ಗಾಜಿನ ಕೆಳಭಾಗ ಇರುವುದು ಓದುವುದಕ್ಕೆ. ಕಾಲಿಡುವ ಜಾಗ ಹುಡುಕಲು ಕಣ್ಣು ಕೆಳಗೆ ಹಾಯಿಸಿದರೆ ನಾಲ್ಕೈದು ಅಡಿ ಆಚೆಯ ಕಲ್ಲು ಮಸುಕಾಗುತ್ತದೆ. ಪಾದಕ್ಕೆ ಅನುಮಾನ ಬಂದಾಗ ಕೈ ಬಿಗಿಯಾಗುತ್ತದೆ, ಕೈ ಬಿಗಿಯಾದರೆ ತೋಳು ಸೋಲುತ್ತದೆ. ದೂರದೃಷ್ಟಿಗಷ್ಟೇ ಮಾಡಿಸಿದ ಬೇರೊಂದು ಕನ್ನಡಕ, ಹಿಂದಕ್ಕೊಂದು ದಾರ, ಇಷ್ಟರಿಂದಲೇ ಎಷ್ಟೋ ಜನಕ್ಕೆ ಕಾಲು ಮರಳಿ ಸಿಕ್ಕಿದೆ. ಎರಡನೆಯದು ಕಿವಿ. ಗಾಳಿ ಬೀಸುವಾಗ ಮೇಲಿನಿಂದ ‘ಟೇಕ್’ (ಹಗ್ಗ ಬಿಗಿ ಮಾಡು) ಅಂದದ್ದು ‘ಸ್ಲ್ಯಾಕ್’ (ಸಡಿಲ ಬಿಡು) ಎಂದು ಕೇಳಿಸಿದರೆ ಅನಾಹುತ. ಹಗ್ಗವನ್ನು ಎಷ್ಟು ಸಲ ಜಗ್ಗಿದರೆ ಏನರ್ಥ ಎಂದು ಜೊತೆಗಾರನ ಹತ್ತಿರ ನೆಲದ ಮೇಲೇ ಮಾತಾಡಿಕೊಂಡು ಹೊರಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಅವನಿಗೆ ತಿಳಿಸಿ, ಸಣ್ಣ ಪೆಟ್ಟೂ ಆಗ ಸಣ್ಣದಲ್ಲ. ಮುಚ್ಚಿಡುವುದು ಶೌರ್ಯವಲ್ಲ.

ಈಗ ಆ ಹುಡುಗನ ವಿಷಯ. ಇವತ್ತು ಬಂಡೆಗೆ ಬರುವ ಬಹಳಷ್ಟು ಹುಡುಗ ಹುಡುಗಿಯರು ನಗರದ ಜಿಮ್ ಗೋಡೆಯಲ್ಲಿ ಕಲಿತವರು. ಅವರ ಬೆರಳಿನ ಬಲ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಆದರೆ ಜಿಮ್ ಗೋಡೆಯ ಮೇಲೆ ಹಗ್ಗ ಸಿಕ್ಕಿಸಲು ಹೊಡೆದ ಬೋಲ್ಟ್ ಯಾವಾಗಲೂ ಗಟ್ಟಿ, ಹೆಜ್ಜೇನು ಇಲ್ಲ, ಇಳಿಯುವ ದಾರಿ ಹುಡುಕಬೇಕಿಲ್ಲ. ತುದಿಯಲ್ಲಿ ಆಂಕರ್‌ನಿಂದ (ಹಗ್ಗ ಕಟ್ಟುವ ಗಟ್ಟಿ ನೆಲೆ) ಹಗ್ಗ ಬಿಚ್ಚಿ, ಹಗ್ಗದ ಮೇಲೆ ಇಳಿಯುವ ರಾಪೆಲ್‌ಗೆ ಹಾಕಿಕೊಳ್ಳುವ ಆ ಎರಡು ನಿಮಿಷ ಇದೆಯಲ್ಲ, ಅದನ್ನು ಯಾರ ಕಣ್ಣೆದುರೂ ಅಭ್ಯಾಸ ಮಾಡದೆ ನೇರ ಬಂಡೆಗೆ ಬಂದವರಿದ್ದಾರೆ. ತುದಿ ಮುಗಿದು ಜಾರಿ ಬೀಳದಂತೆ ಹಗ್ಗದ ಎರಡೂ ತುದಿಗೆ ಗಂಟು ಹಾಕಿದ್ದೀಯಾ ಎಂದು ಕೇಳುವವರೊಬ್ಬರು ಬೇಕು. ಅದನ್ನು ಕೂಗಿ ಹೇಳಬೇಕಿಲ್ಲ, ಮುಂದಿನ ಸಲ ಅವನ ಪಕ್ಕ ನಿಂತು ನಿಮ್ಮದಕ್ಕೆ ಹಾಕಿ. ಅವನ ದೃಷ್ಟಿ ತಾನಾಗಿ ಬೀಳುತ್ತದೆ.

ಮತ್ತೊಂದು ಕೆಲಸ ನಿಮ್ಮಂಥವರಿಂದ ಮಾತ್ರ ಆಗುವುದು. ನಮ್ಮ ಬಂಡೆಗಳ ಹಳೆಯ ದಾರಿಗಳಲ್ಲಿ ಎಷ್ಟೋ ಇನ್ನೂ ಕೆಲವರ ನೆನಪಿನಲ್ಲಷ್ಟೇ ಇವೆ. ಯಾವ ಬೋಲ್ಟ್ ಯಾವ ಕಾಲದ್ದು, ಯಾವುದನ್ನು ಕೈಯಲ್ಲಿ ಸುತ್ತಿಗೆ ಹಿಡಿದು ಹೊಡೆದದ್ದು, ಯಾವುದರ ಕೆಳಗೆ ತುಕ್ಕಿನ ಗೆರೆ ಇಳಿದಿದೆ, ಯಾವುದರ ಹ್ಯಾಂಗರ್ (ಬೋಲ್ಟಿನ ಕೊಂಡಿ) ಬೆರಳಿಗೆ ತಿರುಗುತ್ತದೆ, ಯಾವ ಸೀಳಿನಲ್ಲಿ ವರ್ಷಾ ವರ್ಷ ಹೆಜ್ಜೇನು ಕಟ್ಟುತ್ತದೆ, ಮೋಡ ಕವಿದರೆ ಇಳಿಯಲು ಯಾವ ಕಡೆ ಸುಲಭ. ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಚಿತ್ರ ಸಮೇತ ಬರೆದಿಡಿ. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಣೆಯಾದ ಜಾಗ. ಉದ್ದ ಕೊಕ್ಕಿನ ರಣಹದ್ದು ಗೂಡು ಮಾಡುವುದೂ ಚಳಿಗಾಲದಲ್ಲೇ, ನಮಗೆ ಹತ್ತಲು ಹಿತವಾಗುವುದೂ ಆಗಲೇ. ಯಾವ ಗೋಡೆಯಿಂದ ದೂರ ಇರಬೇಕು ಎಂಬ ಮಾತು ಅರಣ್ಯ ಇಲಾಖೆಯ ಫಲಕದಿಂದ ಬರುವುದಕ್ಕಿಂತ ನಿಮ್ಮ ಬಾಯಿಂದ ಬಂದರೆ ಹುಡುಗರು ಬೇಗ ಒಪ್ಪುತ್ತಾರೆ. ನೋಟ್‌ಬುಕ್ಕು ಸಿದ್ಧವಾದರೆ ನಮಗೆ ಕಳಿಸಿ. ಧಾಮದ ಬಂಡೆಗಳನ್ನು ಬಿಟ್ಟು ಉಳಿದದ್ದನ್ನು ಕಂತುಗಳಲ್ಲಿ ಪ್ರಕಟಿಸೋಣ.

ಫೋಟೋ ತೆಗೆಯುವುದೂ ಕೆಟ್ಟದ್ದೇನಲ್ಲ ಬಿಡಿ. ಆದರೆ ಮೊದಲು ನಿಮ್ಮ ಸರದಿ ಮುಗಿಸಿಕೊಂಡು ತೆಗೆಯಿರಿ. ಮೇಲಿನಿಂದ ಹಗ್ಗ ಬಿಟ್ಟು ಹತ್ತುವ ಟಾಪ್ ರೋಪ್ ಹಾಕಿಸಿಕೊಂಡರೆ ಮಾನ ಹೋಗುವುದಿಲ್ಲ.

ಮಗಳ ಮಾತಿಗೆ ವಾದದಿಂದ ಉತ್ತರ ಕೊಡಬೇಡಿ. ಅವಳ ಕಣ್ಣಮುಂದೆ ಇರುವುದು ನೀವು ಬೀಳುವ ಚಿತ್ರ ಮಾತ್ರ. ಒಂದು ಭಾನುವಾರ ಕರೆದುಕೊಂಡು ಹೋಗಿ, ಅನುಭವಿಗಳೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ, ನಿಮ್ಮ ಹಗ್ಗವನ್ನು ಅವಳ ಕೈಗೇ ಕೊಡಿ. ಬಿಲೇ, ಅಂದರೆ ಹತ್ತುವವರ ಹಗ್ಗ, ಹಿಡಿದವರಿಗೆ ಗೊತ್ತಾಗುವಷ್ಟು ನೋಡುತ್ತ ಕೂತವರಿಗೆ ಗೊತ್ತಾಗದು. ಒಬ್ಬರೇ ಮಾತ್ರ ಹೋಗಬೇಡಿ, ಈ ಒಂದು ವಿಷಯದಲ್ಲಿ ನಾನು ಅವಳ ಕಡೆ.

ಸಾಮಾನು ಮಾರುವ ಪ್ರಶ್ನೆಗೆ ಖಡಾಖಂಡಿತ ಉತ್ತರ: ಮಾರಬೇಡಿ, ದಾನವಾಗಿಯೂ ಕೊಡಬೇಡಿ. ನೈಲಾನ್ ಹಗ್ಗ, ಸೊಂಟಕ್ಕೆ ಕಟ್ಟುವ ಹಾರ್ನೆಸ್, ಪಟ್ಟಿಯ ಸ್ಲಿಂಗ್‌ಗಳು ಬಳಸದೆ ಪೆಟ್ಟಿಗೆಯಲ್ಲಿಟ್ಟರೂ ಹಳತಾಗುತ್ತವೆ. ತಯಾರಕರು ಸಾಮಾನ್ಯವಾಗಿ ಹೇಳುವ ಹೆಚ್ಚೆಂದರೆ ಹತ್ತು ವರ್ಷದ ಗಡಿ ನಿಮ್ಮ ಹಗ್ಗ ಯಾವಾಗಲೋ ದಾಟಿರುತ್ತದೆ. ಹುಡುಗರು ಪ್ರೀತಿಯಿಂದ ಕೇಳಿದರೂ ಕೊಡದೆ, ಯಾರೂ ಅದರಲ್ಲಿ ನೇತಾಡದ ಹಾಗೆ ತುಂಡು ಮಾಡಿ. ಬಟ್ಟೆ ಒಣಗಿಸಲು ಆಗುತ್ತದೆ. ಹಗ್ಗ ಸಿಕ್ಕಿಸುವ ಲೋಹದ ಕೊಂಡಿಗಳಾದ ಕ್ಯಾರಬೀನರ್‌ಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಹಗ್ಗ ಉಜ್ಜಿ ತೋಡು ಬಿದ್ದವನ್ನೂ ಗೇಟು ಸರಿಯಾಗಿ ಮುಚ್ಚದವನ್ನೂ ಗುಜರಿಗೆ ಹಾಕಿ. ಹಾರ್ನೆಸ್ ಹೊಸದು ಕೊಳ್ಳಿ, ನಿವೃತ್ತಿಯ ದುಡ್ಡಿನಲ್ಲಿ ಇದಕ್ಕೆ ಜಿಪುಣತನ ಬೇಡ. ಶೂ ಚೆನ್ನಾಗಿದ್ದು ತಳ ಮಾತ್ರ ಸವೆದಿದ್ದರೆ ಹೊಸ ರಬ್ಬರ್ ಹಾಕಿಸಿಕೊಂಡು ಬಳಸಬಹುದು. ಬೆರಳು ಕುಕ್ಕುವಷ್ಟು ಬಿಗಿ ಇದ್ದರೆ ಅರ್ಧ ಸೈಜು ದೊಡ್ಡದು ತೆಗೆದುಕೊಳ್ಳಿ, ಸ್ಲ್ಯಾಬ್‌ಗೆ ಅದೇ ಒಳ್ಳೆಯದು.

ಸಂಪಾದಕ