ಪ್ರತಿಕ್ರಿಯೆ: ಘಟಕಗಳಿಗಿಂತ ಮೊದಲು ಟೋಕನ್‌ಗಳು
ಮೂರು ತಂಡಗಳು ಬಳಸುವ ಮೂರು ಬಗೆಯ ಬಟನ್‌ಗಳನ್ನು ಒಂದುಗೂಡಿಸುವ ಕೆಲಸವನ್ನು ಘಟಕಗಳಿಂದ (ಬಟನ್‌ನಂಥ ಮರುಬಳಕೆಯ ಭಾಗಗಳಿಂದ) ಆರಂಭಿಸಬೇಕೋ ಟೋಕನ್‌ಗಳಿಂದಲೋ (ಬಣ್ಣ, ಅಂತರದಂಥ ವಿನ್ಯಾಸ ಮೌಲ್ಯಗಳಿಗೆ ಕೊಟ್ಟ ಹೆಸರುಗಳಿಂದಲೋ) ಎಂದು ಕೇಳಿದ್ದೀರಿ. ಟೋಕನ್‌ಗಳಿಂದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಣ್ಣಕ್ಕೆ ‘ನೀಲಿ-500’ ಎಂಬ ಹೆಸರಷ್ಟೇ ಇದ್ದರೆ ಅದನ್ನು ಎಲ್ಲಿ ಬಳಸಬೇಕೆಂಬ ತಿಳಿವಳಿಕೆ ವಿನ್ಯಾಸಕರ ತಲೆಯಲ್ಲೇ ಉಳಿಯುತ್ತದೆ, ಕೋಡ್ ಬರೆಯುವ ಎಐ ಸಾಧನವು ಊಹೆಯಿಂದ ಯಾವುದೋ ಹೆಕ್ಸ್ ಮೌಲ್ಯವನ್ನು (ಬಣ್ಣದ ಸಂಕೇತವನ್ನು) ತುಂಬಿಬಿಡಬಹುದು. ಬದಲಿಗೆ ‘ಮುಖ್ಯ-ಕ್ರಿಯೆ-ಹಿನ್ನೆಲೆ’ ಎಂದು ಉದ್ದೇಶವನ್ನೇ ಹೆಸರಾಗಿಸಿ ಜೇಸನ್ (ಬೇರೆ ಬೇರೆ ಸಾಧನಗಳು ಓದಬಲ್ಲ ಪಠ್ಯ ರೂಪ) ಕಡತದಲ್ಲಿಟ್ಟರೆ, ವಿನ್ಯಾಸ ಸಾಧನ, ವೆಬ್, ಮೊಬೈಲ್ ಮೂರಕ್ಕೂ ಅದೊಂದೇ ಮೂಲವಾಗುತ್ತದೆ. ಪ್ರತಿ ಘಟಕವನ್ನು ಯಾವಾಗ ಬಳಸಬಾರದು ಎಂಬುದನ್ನೂ ದಾಖಲೆಯಲ್ಲಿ ಬರೆಯಿರಿ. ಎಷ್ಟೋ ತಂಡಗಳು ಬಿಟ್ಟುಬಿಡುವ ಈ ಭಾಗವೇ ಎಐಗೆ ಹೆಚ್ಚು ಅಗತ್ಯವೆಂದು ನನಗನ್ನಿಸುತ್ತದೆ. ಸಾಮಾನ್ಯ ಗಾತ್ರದ ಪಠ್ಯಕ್ಕೆ ಡಬ್ಲ್ಯುಸಿಎಜಿಯ (ಎಲ್ಲರೂ ಬಳಸಬಲ್ಲ ವೆಬ್‌ಗಾಗಿ ಇರುವ ಮಾರ್ಗಸೂಚಿಯ) ಎಎ ಮಟ್ಟ ಕೇಳುವ, ಪಠ್ಯ ಮತ್ತು ಹಿನ್ನೆಲೆಯ ನಡುವಿನ ಕನಿಷ್ಠ 4.5:1 ಕಾಂಟ್ರಾಸ್ಟ್‌ನಂಥ (ಹೊಳಪಿನ ವ್ಯತ್ಯಾಸದಂಥ) ನಿಯಮವನ್ನು ಬರಹದಲ್ಲಷ್ಟೇ ಉಳಿಸದೆ, ಹೊಸ ಕೋಡ್ ಮುಖ್ಯ ಕೋಡ್‌ನಲ್ಲಿ ವಿಲೀನವಾಗುವ ಮುನ್ನ ಸ್ವಯಂಚಾಲಿತವಾಗಿ ಪರೀಕ್ಷಿಸುವ ವ್ಯವಸ್ಥೆ ಮಾಡಿ.